ಅಕ್ಕ ಕೊಟ್ಟ ಚೀಟಿ

ನಾನು ಕಾದಂಬರಿಗಳ ಹುಚ್ಚ. ನಲವತ್ತರ ದಶಕದಲ್ಲಿ ಕುಷ್ಟಗಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ನಿಜಾಮರ ಸೀಮೆಯಲ್ಲಿ ಕಲಿತದ್ದೂ ಉರ್ದು, ಕಲಿಸಿದ್ದೂ ಉರ್ದು. ಕನ್ನಡ ಮನೆಯೊಳಗಿನ ಮಾತು. ಕನ್ನಡ ಅಕ್ಷರ ಓದುವುದನ್ನು ಹೇಗೋ ರೂಢಿ ಮಾಡಿಕೊಂಡಿದ್ದೆ, ಬರೆಯಲು ಕೂತರೆ ಮಾತ್ರ ಕೈ ಕುಂಟುತ್ತಿತ್ತು. ಹಾಗಾಗಿ ಕನ್ನಡವನ್ನೇ ಉರ್ದು ಲಿಪಿಯಲ್ಲಿ ಗೀಚುತ್ತಿದ್ದೆ. ನಮ್ಮ ಕಡೆ ಹಾಗೆ ಬರೆಯುವವರು ಇನ್ನೂ ಇದ್ದರು. ಆ ಬರಹ ಬರೆದವನಿಗೆ ಬಿಟ್ಟು ಬೇರೆಯವರಿಗೆ ಬಗೆಹರಿಯುತ್ತಿರಲಿಲ್ಲ.

ಕೊಪ್ಪಳದಲ್ಲಿ ನಮ್ಮದೊಂದು ಓದುವ ಗುಂಪಿತ್ತು. ಒಬ್ಬ ವಕೀಲರು, ಸ್ಟೇಷನ್ನಿನ ಗುಮಾಸ್ತರು, ಒಬ್ಬ ಅರಿವೆ ಅಂಗಡಿಯವರು ಮತ್ತು ನಾನು. ಗಡಿಯಾಚೆಯ ಗದಗಿನಿಂದ ರೈಲಿನಲ್ಲಿ ಹೊಸ ಕಾದಂಬರಿ ತರಿಸುವುದು ಗುಮಾಸ್ತರ ಕೆಲಸ. ಓದಿದವರು ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಬೇಕೆಂಬುದು ನಮ್ಮ ಕಟ್ಟಳೆ. ತಿಂಗಳಿಗೊಂದು ಶುಕ್ರವಾರ, ಸಾಲೆಗೆ ಸೂಟಿ ಇದ್ದ ದಿನ, ವಕೀಲರ ಮನೆಯಲ್ಲಿ ಕೂತು ಅವರವರ ಚೀಟಿಯನ್ನು ಅವರವರೇ ಗಟ್ಟಿಯಾಗಿ ಓದುತ್ತಿದ್ದೆವು.

ಹೊಸ ಕಾದಂಬರಿಗಳ ಮೇಲೆ ನನ್ನ ತಕರಾರು ಬಹಳ. ಒಂದರ ನಾಯಕ ನೂರು ಪುಟ ದೇಶಸೇವೆಯ ಭಾಷಣ ಬಿಗಿಯುತ್ತಾನೆ, ಆದರೆ ಒಂದು ಹೊತ್ತೂ ಊಟ ಮಾಡುವುದಿಲ್ಲ. ಇನ್ನೊಂದರ ನಾಯಕಿ ಹಾರ್ಮೋನಿಯಂ ಮುಟ್ಟಿದರೆ ಸಾಕು, ಓಣಿಯ ಗಂಡಸರೆಲ್ಲ ಮರುಳಾಗುತ್ತಾರೆ. ಅದನ್ನಂತೂ ಸಿಟ್ಟಿಗೆ ಗೋಡೆಗೆ ಬಿಸಾಕಿದ್ದೆ. ಆದರೆ ಆ ತಿಂಗಳ ಕಾದಂಬರಿ ನನ್ನನ್ನು ಅಲ್ಲಾಡಿಸಿಬಿಟ್ಟಿತ್ತು. ಎಳೆಯ ವಿಧವೆಯೊಬ್ಬಳು ಮತ್ತೆ ಮದುವೆಯಾಗಲು ಗಟ್ಟಿ ಮನಸ್ಸು ಮಾಡುತ್ತಾಳೆ. ಕೊನೆಯ ಅಧ್ಯಾಯದಲ್ಲಿ ಹೊಳೆಗೆ ಹಾರುತ್ತಾಳೆ. ನಾನು ಅತ್ತು, ಎರಡು ಹಾಳೆ ತುಂಬ ಹೊಗಳಿ ಬರೆದೆ.

ಮನೆಯಲ್ಲಿದ್ದ ಅಕ್ಕನೂ ಅದನ್ನು ಓದಿದ್ದಳು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ನಮ್ಮಲ್ಲೇ ಇದ್ದಳು. ಅಪ್ಪ ಪುರಾಣ ಓದುವಾಗ ಪಕ್ಕದಲ್ಲಿ ಕೂತು ಅಕ್ಷರ ಕಲಿತವಳು. ಶುಕ್ರವಾರ ಬೆಳಿಗ್ಗೆ ಬುತ್ತಿಯ ಗಂಟಿನ ಜೊತೆ ಒಂದು ಚೀಟಿಯನ್ನೂ ಕೊಟ್ಟಳು.

“ನಾನೂ ಬರದೇನಿ ತಮ್ಮಾ. ಅಲ್ಲಿ ಓದು. ಅಕ್ಕ ಬರದಾಳ ಅಂತ ಹೇಳು. ಏನಂತಾರ ಕೇಳ್ಕೊಂಡು ಬಾ.”

ಅವಳೇನು ಬರೆದಾಳು ಎಂಬ ಉಡಾಫೆಯಲ್ಲಿ ಬಿಚ್ಚಿಯೂ ನೋಡದೆ ಪುಸ್ತಕದೊಳಗೆ ತುರುಕಿದೆ.

ನಿಜಾಮರ ಆಳ್ವಿಕೆಯ ವಿರುದ್ಧ ಗದ್ದಲ ಎದ್ದಿದ್ದ ದಿನಗಳವು. ಕನ್ನಡ ಪುಸ್ತಕ ಕಂಡರೆ ಗಡಿಯಾಚೆಯಿಂದ ಬಂದ ಸರಕಾರದ ವಿರುದ್ಧದ ಕಾಗದವೇನೋ ಎಂದು ಪೊಲೀಸರು ಅನುಮಾನ ಪಡುತ್ತಿದ್ದರು. ಕೊಪ್ಪಳ ಎರಡು ಹರದಾರಿ ಇರುವಾಗ ತಪಾಸಣೆಯ ನಾಕಾದಲ್ಲಿ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಬಿಸಿಲಿಗೆ ಇಳಿಸಿದರು. ಜಮಾದಾರ ನನ್ನ ಚೀಲ ಕೊಡವಿದ. ಪುಸ್ತಕ ಬಿತ್ತು, ಚೀಟಿಗಳು ಹೊರಬಂದವು. ನನ್ನ ಹಾಳೆಗಳನ್ನು ಎತ್ತಿ ತುಟಿ ಅಲ್ಲಾಡಿಸುತ್ತ ಓದಿದ. ಅವನ ಹುಬ್ಬು ಗಂಟಾಯಿತು.

“ಅಕ್ಷರ ಉರ್ದು ಐತಿ, ಮಾತು ಉರ್ದು ಅಲ್ಲ. ಏನಿದು, ಗುಪ್ತ ಬರಹ ಏನು?”

ಅದು ಹಾಗೆ ಕಾಣಬಹುದೆಂದು ಅಲ್ಲಿಯ ತನಕ ನನಗೆ ಹೊಳೆದೇ ಇರಲಿಲ್ಲ.

“ಕನ್ನಡ ರೀ. ಒಂದು ಕಥಿ ಬಗ್ಗೆ ಬರದದ್ದು.”

“ಹಂಗಾದ್ರ ಓದ್ರಿ ಮಾಸ್ತರ್ ಸಾಹೇಬ್, ಎಲ್ಲಾರಿಗೂ ಕೇಳಲಿ.”

ಓದಿದೆ. ಅವಳ ಸಾವು ಹೊಳೆಯಷ್ಟೇ ಸುಂದರ ಎಂಬಲ್ಲಿಗೆ ಬಂದಾಗ ಅವನು ತಡೆದ.

“ಯಾವ ಹೊಳಿ? ಯಾರನ್ನ ಸಾಯಿಸ್ತೀರಿ?”

“ಕಥಿಯೊಳಗ್ರಿ, ಸಾಹೇಬ್ರ.”

ಅವನು ನಂಬಲಿಲ್ಲ. ಅಕ್ಕನ ಚೀಟಿ ಕೈಗಿಟ್ಟು “ಇದು?” ಎಂದ. ಪೆನ್ಸಿಲ್ಲಿನ ದಪ್ಪ ಕನ್ನಡ ಅಕ್ಷರ. ನಾನೂ ಆಗಲೇ ಮೊದಲ ಸಲ ಓದಿದ್ದು.

“ಹತ್ತೊಂಬತ್ತು ಅಧ್ಯಾಯ ಆಕಿ ತನ್ನ ಬುದ್ಧಿಲೆ ನಡದಳು. ಇಪ್ಪತ್ತನೇದ್ರಾಗ ಬರದಾತ ಆಕಿನ್ನ ಹೊಳಿಗೆ ದಬ್ಬಿದ, ಮುಂದೇನು ಬರೀಬೇಕು ಅವಗ ತಿಳೀಲಿಲ್ಲ. ನಾ ಸತ್ತಿಲ್ಲ. ಹನ್ನೊಂದು ವರ್ಷ ದಿನಾ ನಸುಕಿನ್ಯಾಗ ಎದ್ದು ಜ್ವಾಳ ಬೀಸೇನಿ. ಇದನ್ನ ಯಾರೂ ಯಾಕ ಬರಿಯೂದಿಲ್ಲ?”

ಅವಳ ಬೀಸುವ ಸಪ್ಪಳ ಕೇಳಿಯೇ ನಾನು ದಿನಾ ಏಳುತ್ತಿದ್ದದ್ದು. ನಾಚಿಕೆಯಿಂದ ಕಿವಿ ಬಿಸಿಯಾದವು.

“ಯಾರು ಬರದದ್ದು?”

ಅಕ್ಕ ಎಂದರೆ ಅವಳನ್ನು ಕಚೇರಿಗೆ ಕರೆಸುತ್ತಾರೆ ಎಂದು ಹೆದರಿದೆ. “ನಾನ ರೀ,” ಎಂದೆ.

“ನೀವು ಜ್ವಾಳ ಬೀಸ್ತೀರಿ, ಮಾಸ್ತರ್ ಸಾಹೇಬ್?”

ಬಸ್ಸಿನವರು ನಕ್ಕರು. “ಹೌದ್ರಿ,” ಎಂದೆ. ಅವನು ನನ್ನನ್ನು ಬಹಳ ಹೊತ್ತು ದಿಟ್ಟಿಸಿದ. ಆಮೇಲೆ ಆ ಚೀಟಿಯನ್ನು ಮಡಚಿ ಪುಸ್ತಕದೊಳಗಿಟ್ಟು ಕೊಟ್ಟ. ನನ್ನ ಎರಡು ಹಾಳೆಗಳನ್ನು ಮಾತ್ರ, ಮೇಲಿನವರು ನೋಡಲಿ ಎಂದು ಇಟ್ಟುಕೊಂಡ.

ವಕೀಲರ ಮನೆ ಮುಟ್ಟಿದೆ. ನೌಕರಿ ಹೋಗುತ್ತದೋ ಏನೋ ಎಂಬ ಚಿಂತೆ ಕಾಡುತ್ತಿತ್ತು. ನನ್ನ ಸರದಿ ಬಂದಾಗ ಕೈಯಲ್ಲಿದ್ದದ್ದು ಅಕ್ಕನ ಚೀಟಿ ಒಂದೇ. ಅದನ್ನೇ ಓದಿದೆ. ವಕೀಲರು ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು.

“ವಿಧವಿ ಒಳಗ ಹೊಕ್ಕು ಬರದೀರಲ್ಲ ಮಾಸ್ತರ್ರ! ಭೇಷ್! ಇನ್ನೊಮ್ಮೆ ಓದ್ರಿ.”

ಬಾಯಿ ತೆರೆದೆ. ಅರಿವೆ ಅಂಗಡಿಯವರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಯಾವ ಚೀಟಿಗೂ ಅವರು ಹಾಗೆ ಕಣ್ಣು ಒರೆಸಿಕೊಂಡಿರಲಿಲ್ಲ. ನಾನು ಸುಮ್ಮನೆ ನಕ್ಕು, ಇನ್ನೊಮ್ಮೆ ಓದಿದೆ.

ಸಂಜೆ ಮನೆಗೆ ಬಂದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

“ಏನಂದ್ರು?”

“ಭಾಳ ಛಲೋ ಐತಿ ಅಂದ್ರು. ಎರಡು ಸಲ ಓದಿಸಿದ್ರು.”

ಅವಳ ಮುಖ ಅರಳಿತು. “ಹೆಣ್ಮಗಳು ಬರದಾಳ ಅಂದ್ರ ನಂಬಿದ್ರೇನು?”

ನಾನು ನಾಕಾದ ಕತೆ ಹೇಳತೊಡಗಿದೆ. ಬಿಸಿಲು, ಜಮಾದಾರ, ಕಸಿದುಕೊಂಡ ಹಾಳೆ, ನಾನೇ ಬರೆದದ್ದು ಎಂದು ಹೇಳಬೇಕಾಗಿ ಬಂದದ್ದು, ಎಲ್ಲವನ್ನೂ ಉದ್ದಕ್ಕೆ ಎಳೆದೆ. ಕೊನೆಗೆ, ವಕೀಲರೂ ಹಾಗೇ ತಿಳಿದುಕೊಂಡರು ಎಂದು ಗೊಣಗಿದೆ.

ಅಕ್ಕ ಕೈಗೆ ಮೆತ್ತಿದ ಹಿಟ್ಟನ್ನು ನಿಧಾನವಾಗಿ ಉದುರಿಸಿಕೊಂಡಳು.

“ನಾಕಾದಾಗ ಅಂಜಿದಿ, ಅದು ಖರೇ. ವಕೀಲರ ಮನ್ಯಾಗ ಯಾರಿಗಂಜಿದಿ, ತಮ್ಮಾ?”