ನಾಲ್ಕು ಗಂಟೆಗೆ ಹೇಳಬೇಕಿದ್ದ ಉತ್ತರ

ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನಗರ್ತಪೇಟೆಯ ನಮ್ಮ ಮನೆಯಿಂದ ಹೊರಟೆ. ಸಂಜೆ ನಾಲ್ಕಕ್ಕೆ ಬಸವನಗುಡಿಯಲ್ಲಿ ನರರೋಗದ ಡಾಕ್ಟರ ಮುಂದೆ ಕೂತು, ಔಷಧಿ ಶುರು ಮಾಡುತ್ತೇನೆ ಅಥವಾ ಮಾಡುವುದಿಲ್ಲ ಎಂದು ಹೇಳಬೇಕಿತ್ತು. ಅದಕ್ಕೆ ಮುಂಚೆ ಇಬ್ಬರನ್ನು ಕೇಳಲು ಮಲ್ಲೇಶ್ವರ, ಆಮೇಲೆ ಚಾಮರಾಜಪೇಟೆ. ಎಲ್ಲ ಸೇರಿದರೂ ಹದಿನೈದು ಕಿಲೋಮೀಟರ್ ಆಗಲಿಕ್ಕಿಲ್ಲ. ಕಾಶಿಗೆ, ಶ್ರೀಶೈಲಕ್ಕೆ ಹೋಗಿ ಬಂದವರು ಬರೆಯುತ್ತಾರೆ. ಇಷ್ಟು ಸಣ್ಣ ಪ್ರಯಾಣವನ್ನು ನಾನು ಯಾಕೆ ಬರೆಯುತ್ತಿದ್ದೇನೆಂದರೆ, ಇದೇ ರಿಪೋರ್ಟು ಕೈಯಲ್ಲಿ ಹಿಡಿದು ಯಾರನ್ನು ಏನು ಕೇಳಬೇಕೆಂದು ತಿಳಿಯದೆ ಕೂತವರು ನಮ್ಮ ಪೇಟೆಯಲ್ಲೇ ಇನ್ನೊಬ್ಬರಾದರೂ ಇದ್ದಾರು.

ಕಾಯಿಲೆಯ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಎಂ.ಎಸ್. ಅನ್ನುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆ ಹೆಸರನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯಲು ಒಂದು ವಾರ ಹಿಡಿಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ನನಗೆ ನಲವತ್ತೊಂದು ವರ್ಷ. ಕಳೆದ ದೀಪಾವಳಿಗೆ ಎಡಗಣ್ಣು ಮಸುಕಾಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಮೇಲೆ ಬಹುಪಾಲು ತಿಳಿಯಾಯಿತು. ಸಂಕ್ರಾಂತಿಯ ಹೊತ್ತಿಗೆ ಬಲಗೈ ಬೆರಳುಗಳು ಮರಗಟ್ಟಿದವು, ಕಾಲು ಸ್ವಲ್ಪ ಎಳೆಯತೊಡಗಿತು. ನಾನು ಚಿನ್ನದಂಗಡಿಗಳ ತಕ್ಕಡಿ ರಿಪೇರಿ ಮಾಡುವವನು. ಅಕ್ಕಿಕಾಳಿಗಿಂತ ಹಗುರವಾದ ತೂಕದ ಬಟ್ಟನ್ನು ಚಿಮಟದಲ್ಲಿ ಎತ್ತಿ ತಟ್ಟೆಗೆ ಇಡಬೇಕಾದ ಕೈ ಅದು. ಕಣ್ಣೂ ಬೆರಳೂ ಹೋದರೆ ಆ ಅಂಗಡಿಯಲ್ಲಿ ನನಗೆ ಕೆಲಸವಿಲ್ಲ.

ಡಾಕ್ಟರು ಆಗಲೇ ಔಷಧಿ ಶುರು ಮಾಡೋಣ ಎಂದಿದ್ದರು. ಇಂಥ ದಿನ ನಿಲ್ಲಿಸಬಹುದು ಎಂದು ಹೇಳಲಾಗದ ಔಷಧಿ. ನಾನು ಸ್ವಲ್ಪ ಸಮಯ ಕೊಡಿ ಎಂದೆ. ನನ್ನ ಹೆಂಡತಿಯ ಅಣ್ಣ ರುದ್ರೇಶಪ್ಪ ಒಂದು ಪಥ್ಯದ ಪಟ್ಟಿ ಕೊಟ್ಟರು. ಶಿವರಾತ್ರಿಯ ದಿನ ಹೇಗೂ ಉಪವಾಸ, ವ್ರತ ಹಿಡಿಯಲು ಅದಕ್ಕಿಂತ ಒಳ್ಳೆಯ ದಿನ ಬೇಕೆ ಎಂದು ಅವತ್ತೇ ಹಿಡಿದೆ. ಹಾಲು, ಮೊಸರು, ಗೋಧಿ, ಸಕ್ಕರೆ, ಹುಣಸೆಹಣ್ಣು ಎಲ್ಲ ಬಂದ್. ಬೆರಳು ಸರಿಹೋಯಿತು. ಪಥ್ಯದಿಂದಲೇ ಸರಿಹೋಯಿತೆಂದು ಬೀದಿಯಲ್ಲೆಲ್ಲ ಹೇಳಿದೆ. ಡಾಕ್ಟರಿಗೆ ಬೇಡ ಎನ್ನುವ ಮನಸ್ಸಿನಲ್ಲೇ ಹೊರಟಿದ್ದೆ. ಸಾಕ್ಷಿಗೆ, ಸಂಕ್ರಾಂತಿಯಿಂದ ದಿನದಿನದ ಊಟ, ಕಣ್ಣು, ಕೈ ಬರೆದಿಟ್ಟ ನೋಟ್‌ಬುಕ್ ಚೀಲದಲ್ಲಿತ್ತು.

ಹೆಂಡತಿ ಗಿರಿಜಾ ಬಾಗಿಲಿಗೆ ಬಂದಳು. "ನಾನೂ ಬರ್ಲಾ?"

"ಬೇಡ. ಅಂಗಡಿ ಯಾರು ನೋಡ್ತಾರೆ?"

"ಸರಿ. ಮೂರು ಕಡೆ ಕೇಳ್ತೀರ. ಅವರು ಹೇಳಿದ್ದನ್ನ ಕೇಳಿಸ್ಕೊಂಡೂ ಬನ್ನಿ."

ಚಿಕ್ಕಪೇಟೆ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆ. ನೆಲದಡಿ ತಣ್ಣಗಿತ್ತು. ಕಾಲೇಜಿನ ಹುಡುಗಿಯೊಬ್ಬಳು ನನ್ನ ನಡಿಗೆ ನೋಡಿ ಎದ್ದಳು. "ಅಂಕಲ್, ಕೂತ್ಕೊಳ್ಳಿ." "ಬೇಡಮ್ಮ, ಎರಡೇ ಸ್ಟಾಪು" ಎಂದೆ. ಕಾಲು ನೋಯುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೆಜೆಸ್ಟಿಕ್ಕಿನಲ್ಲಿ ಅರ್ಧ ಡಬ್ಬಿ ಖಾಲಿಯಾಯಿತು. ಆಗಲೂ ನಿಂತೇ ಇದ್ದೆ.

ಸಂಪಿಗೆ ರಸ್ತೆಯಲ್ಲಿ ಇಳಿದು ಎಂಟನೇ ಕ್ರಾಸಿನ ಕಡೆ ನಡೆದೆ. ಒಂಬತ್ತೂಮುಕ್ಕಾಲಿಗೇ ಬಿಸಿಲು ಚುರುಗುಟ್ಟುತ್ತಿತ್ತು. ಹೂವಿನವರ ಬುಟ್ಟಿಗಳ ಹತ್ತಿರ ಬರುವಷ್ಟರಲ್ಲಿ ಎಡಗಣ್ಣಿಗೆ ಎಣ್ಣೆ ಸವರಿದ ಗಾಜು ಇಟ್ಟಂತಾಯಿತು. ಸೇವಂತಿಗೆ ಯಾವುದು, ಕನಕಾಂಬರ ಯಾವುದು ಬಿಡಿಸಿ ಕಾಣಲಿಲ್ಲ. ಮತ್ತೆ ಬಂತಾ ಎಂದುಕೊಂಡೆ. ಅಂಗಡಿಯೊಂದರ ನೆರಳಿನಲ್ಲಿ ನಿಂತು, ಬಾಟಲಿಯ ನೀರನ್ನು ಕತ್ತಿಗೆ ಹಾಕಿಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ಹಳದಿ ಹಳದಿಯಾಯಿತು, ಕೇಸರಿ ಕೇಸರಿಯಾಯಿತು. ಅಲ್ಲಿಂದ ನಾನು ಹೋಗಬೇಕಿದ್ದ ಮನೆಗೆ ಮರದ ನೆರಳನ್ನೇ ಹುಡುಕಿಕೊಂಡು ನಡೆದೆ.

ಆ ಮನೆ ಪದ್ಮಿನಿ ಮೇಡಂ ಅವರದು. ನನ್ನ ಗಿರಾಕಿ ಚಿನ್ನದಂಗಡಿಯವರ ಅಕ್ಕ. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವರು. ಇಪ್ಪತ್ತೆರಡು ವರ್ಷದಿಂದ ಇದೇ ಕಾಯಿಲೆ. ಕತ್ತಿಗೆ ಒದ್ದೆ ಟವೆಲ್ಲು ಸುತ್ತಿಕೊಂಡು, ವಾಕರ್ ಹಿಡಿದು ಅವರೇ ಬಂದು ಬಾಗಿಲು ತೆಗೆದರು.

"ಮಹದೇವಪ್ಪನವರಾ? ಬನ್ನಿ. ನಾನು ಬರೋಷ್ಟರಲ್ಲಿ ಎಷ್ಟೋ ಜನ ಬೆಲ್ ಹೊಡೆದು ವಾಪಸ್ ಹೋಗ್ಬಿಡ್ತಾರೆ, ನೀವು ನಿಂತ್ರಿ."

ಕಣ್ಣಿನ ವಿಷಯ ಹೇಳಿದೆ. ಅವರು ಟವೆಲ್ಲಿನ ತುದಿ ಎತ್ತಿ ತೋರಿಸಿದರು. "ಇದು ಫ್ಯಾಶನ್ನಿಗಲ್ಲ. ಮೈ ಬಿಸಿಯಾದಾಗ ಹಳೆ ಗಾಯ ಮತ್ತೆ ತಲೆ ಎತ್ತುತ್ತೆ, ತಣ್ಣಗಾದ್ರೆ ಇಳಿಯುತ್ತೆ. ಅದು ಹೊಸ ಏಟಲ್ಲ. ಒಂದಿಡೀ ದಿನ ಹಾಗೇ ಉಳಿದ್ರೆ ಮಾತ್ರ ಡಾಕ್ಟರ ಹತ್ರ ಓಡಿ. ಕಾಫಿ?"

"ಹಾಲು ಕುಡಿಯಲ್ಲ ಮೇಡಂ. ಪಥ್ಯ."

"ಓಹೋ. ಹೇಳಿ ನೋಡೋಣ."

ನಾನು ಹೆಮ್ಮೆಯಿಂದಲೇ ನೋಟ್‌ಬುಕ್ ಕೊಟ್ಟೆ. ಅವರು ಕನ್ನಡಕ ಏರಿಸಿ ಮೊದಲ ಪುಟದಿಂದ ಓದಿದರು. ನಡುವೆ ಒಂದು ಸಲ "ಅಕ್ಷರ ಮುತ್ತಿನ ಹಾಗಿದೆ" ಎಂದರು. ಕಾಲು ಗಂಟೆ ಆದ ಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ನೀವೇ ಓದಿ" ಎಂದರು.

ಓದಿದೆ. 'ಹೆಬ್ಬೆರಳು, ತೋರುಬೆರಳು ಪರವಾಗಿಲ್ಲ. ಚಿಮಟ ಹಿಡಿದಿದ್ದು ಗೊತ್ತಾಗುತ್ತಿದೆ.'

"ಯಾವತ್ತಿನದು?"

ಲೆಕ್ಕ ಹಾಕಿದೆ. ಶಿವರಾತ್ರಿಗೆ ಹನ್ನೊಂದು ದಿನ ಮುಂಚಿನದು.

ನಾನೇ ಬರೆದ ಸಾಲು. ವ್ರತ ಹಿಡಿದ ದಿನದಿಂದಲೇ ಎಲ್ಲ ಶುರುವಾಯಿತೆಂದು ತಿಳಿದು, ಅದರ ಹಿಂದಿನ ಪುಟಗಳನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ನನ್ನ ಅಂಗಡಿಗೆ ತಕ್ಕಡಿ ಬಂದರೆ ಅದನ್ನು ಮುಟ್ಟುವ ಮೊದಲು, ಬಂದ ಸ್ಥಿತಿಯಲ್ಲಿ ಅದು ಎಷ್ಟು ತೋರಿಸುತ್ತದೆಂದು ಬರೆಯುವುದು ನಮ್ಮ ಅಪ್ಪ ಕಲಿಸಿದ ಪದ್ಧತಿ. ಬರೆಯದೆ ಸ್ಕ್ರೂ ತಿರುಗಿಸಿದರೆ, ಸರಿಮಾಡಿದೆವೋ ಕೆಡಿಸಿದೆವೋ ಯಾರಿಗೂ ತಿಳಿಯುವುದಿಲ್ಲ. ಮೂವತ್ತು ವರ್ಷ ಅದನ್ನು ತಪ್ಪಿಸಿಲ್ಲ. ಇಲ್ಲಿ ಬರೆದೂ ನೋಡಲಿಲ್ಲ. ಅದನ್ನು ಮೇಡಂಗೆ ಹೇಳಿದೆ.

ಅವರು ನಗಲಿಲ್ಲ. "ನಾನು ಪಾಠ ಮಾಡೋಳು, ಎರಡು ವರ್ಷ ಇದೇ ತಪ್ಪು ಮಾಡ್ದೆ. ಈ ಕಾಯಿಲೆ ಒಂದು ಏಟು ಕೊಟ್ಟು ತಾನಾಗೇ ಹಿಂದೆ ಸರಿಯುತ್ತೆ. ಅದು ಸರಿಯೋ ಹೊತ್ತಿಗೆ ನಾವು ಏನು ತಿಂತಿರ್ತೀವೋ ಅದಕ್ಕೆ ಹೆಸರು. ನಾನು ಅಗಸೆ ಎಣ್ಣೆ ಕುಡೀತಿದ್ದೆ. ಔಷಧಿ ಬಿಟ್ಟೆ. ಮೂರನೇ ಏಟಿಗೆ ಹೋದ ಕಾಲು ಮತ್ತೆ ಸರಿಹೋಗಲಿಲ್ಲ." ವಾಕರನ್ನು ತಟ್ಟಿದರು. "ಔಷಧಿ ತಗೊಂಡಿದ್ರೆ ಇದು ಬರ್ತಾನೇ ಇರ್ಲಿಲ್ಲ ಅಂತಲೂ ಹೇಳಲಾರೆ. ಆಗ ಇದ್ದಿದ್ದೂ ಒಂದೆರಡು ಔಷಧಿ. ನಿಮಗೆ ಈಗ ಜಾಸ್ತಿ ಇದೆ."

ಹಾಗಾದರೆ ಊಟದಲ್ಲಿ ಏನೂ ಇಲ್ಲವೇ ಎಂದು ಕೇಳಿದೆ. ಇದೆ, ಆದರೆ ರೋಗ ನಿಲ್ಲಿಸುವ ಪಥ್ಯವೆಂದು ಗಟ್ಟಿಯಾಗಿ ತೋರಿಸಿದ್ದು ಇದುವರೆಗೆ ಒಂದೂ ಇಲ್ಲ ಎಂದರು. ತರಕಾರಿ, ಕಾಳು, ಹಣ್ಣು ತಿನ್ನಿ, ಬೀಡಿ ಸಿಗರೇಟು ಹತ್ತಿರ ಸೇರಿಸಬೇಡಿ, ವಿಟಮಿನ್ ಡಿ ನೋಡಿಸಿ, ತೂಕ ಇಳಿಸಿಕೊಂಡು ಬಡಕಲಾಗಬೇಡಿ. ಪಥ್ಯ ಹಿಡಿದ ಮೇಲೆ ನಾನು ಆರು ಕೆ.ಜಿ. ಇಳಿದಿದ್ದೆ. ತಕ್ಕಡಿಯವನಿಗೆ ಅದನ್ನು ಬೇರೆಯವರು ಹೇಳಬೇಕಾಯಿತು.

ಹನ್ನೆರಡು ಗಂಟೆಗೆ ಆಟೋ ಹತ್ತಿದೆ. ಕೂರುವಾಗ ಅಭ್ಯಾಸಬಲದಿಂದ ಮೀಟರಿನ ಸರಕಾರಿ ಸೀಲು ಬಗ್ಗಿ ನೋಡಿದೆ. ಡ್ರೈವರ್ ತಿರುಗಿದ. "ಯಾಕ್ ಸಾರ್, ಇನ್‌ಸ್ಪೆಕ್ಟರಾ?"

"ಅಲ್ಲಪ್ಪ, ತಕ್ಕಡಿ ರಿಪೇರಿ."

"ಹಂಗಾದ್ರೆ ನಮ್ ಗುರು ನೀವು. ಮೀಟರ್ ಮೇಲೆ ಇಪ್ಪತ್ತು ಕೇಳೋಣ ಅಂತಿದ್ದೆ, ಬಿಡಿ."

ಚಾಮರಾಜಪೇಟೆಗೆ ಆರು ಕಿಲೋಮೀಟರ್, ನೂರಾ ಎಂಟು ರೂಪಾಯಿ. "ಅಷ್ಟೋತ್ತರ ಸಾರ್, ಒಳ್ಳೇದಾಗ್ಲಿ" ಎಂದು ಹೋದ.

ಭಾವ ರುದ್ರೇಶಪ್ಪನವರದು ಅಲ್ಲಿ ಗ್ರಂಧಿಗೆ ಅಂಗಡಿ. ಬೇರು, ನಾರು, ಪೂಜೆಯ ಸಾಮಾನು ಎಲ್ಲ ಸಿಗುತ್ತದೆ. ಬಾಗಿಲಿಗೆ ಬರುವ ಮೊದಲೇ ಬಜೆ, ಲವಂಗ, ಕರ್ಪೂರದ ವಾಸನೆ ಬರುತ್ತದೆ. ನನ್ನನ್ನು ಕಂಡದ್ದೇ ಗಿರಾಕಿಗೆ ಕೇಳುವ ಹಾಗೆ ಕೂಗಿದರು. "ಬನ್ನಿ ಮಾದೇವಪ್ನೋರೇ! ನೋಡಿ ಸ್ವಾಮಿ, ಇವ್ರೇ ನಾನು ಹೇಳ್ತಿದ್ದೋರು. ಕೈ ಬಿದ್ದೇ ಹೋಗಿತ್ತು. ಈಗ ನೋಡಿ."

ಗಿರಾಕಿ ನನ್ನ ಕೈ ನೋಡಿ, ನಮಸ್ಕಾರ ಮಾಡಿ ಹೋದರು. ಭಾವ ಫೋನ್ ತೆಗೆದರು. "ಆ ನೋಟ್‌ಬುಕ್ ತಂದಿದೀರಲ್ಲ? ಫೋಟೋ ತೆಗೀತೀನಿ ಕೊಡಿ. ಹನುಮಂತನಗರದೋರು ಒಬ್ರು, ಮಗಳಿಗೆ ನಿಮ್ದೇ ಕಾಯಿಲೆ. ಇಂಜೆಕ್ಷನ್ ಬಿಡಿಸ್ತೀವಿ ಅಂತಿದ್ರು. ನಿಮ್ದು ನೋಡಿದ್ರೆ ಧೈರ್ಯ ಬರುತ್ತೆ."

ಬಸವನಗುಡಿಗೆ ಹೋಗಿ ಏನು ಹೇಳಬೇಕೆಂದು ಅಲ್ಲಿಯವರೆಗೂ ನನಗೆ ಪೂರ್ತಿ ಗಟ್ಟಿಯಾಗಿರಲಿಲ್ಲ. ಆ ಮಾತು ಕೇಳಿದ ಮೇಲೆ ಆಯಿತು.

"ಕೊಡ್ತೀನಿ ಭಾವ. ಆದ್ರೆ ಮೊದಲು ಈ ಪುಟ ತೆಗೀರಿ" ಎಂದು ಆ ಸಾಲು ತೋರಿಸಿದೆ.

ಅವರು ಎರಡು ಸಲ ಓದಿದರು. "ಇದೇನು, ಶಿವರಾತ್ರಿಗೆ ಮುಂಚೇನೇ..."

"ಹೂಂ. ಬೆರಳು ಆಗಲೇ ಸರಿಹೋಗ್ತಿತ್ತು. ಪಥ್ಯ ಆಮೇಲೆ ಬಂತು."

"ಅಂದ್ರೆ ನಾನು ಊರಿಗೆಲ್ಲ ಸುಳ್ಳು ಹೇಳ್ಕೊಂಡು ತಿರುಗ್ದೆ ಅಂತೀರಾ?"

"ನಾನು ಅಳತೆ ತಪ್ಪಿದ್ದು, ನೀವು ನನ್ನ ನಂಬಿದ್ರಿ. ಆ ಹನುಮಂತನಗರದೋರಿಗೆ ಈಗಲೇ ಫೋನ್ ಮಾಡಿ. ಇಂಜೆಕ್ಷನ್ ಬಿಡಿಸಬೇಡಿ, ಡಾಕ್ಟರನ್ನ ಕೇಳದೆ ಏನೂ ಮಾಡಬೇಡಿ ಅನ್ನಿ. ಬೇಕಾದ್ರೆ ನಾನೇ ಮಾತಾಡ್ತೀನಿ."

"ನನ್ನ ಮರ್ಯಾದೆ ಏನಾಗ್ಬೇಕು?"

"ಆ ಹುಡುಗಿ ಕಾಲು ಏನಾಗ್ಬೇಕು ಭಾವ?"

ಅವರು ಮುಖ ಊದಿಸಿಕೊಂಡು ಅಂಗಡಿಯ ಹಿಂದಕ್ಕೆ ಹೋದರು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಫೋನ್ ಮಾಡುವವರೆಗೂ ಏಳಬಾರದೆಂದು ನಿಶ್ಚಯಿಸಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ದನಿ ಕೇಳಿತು. "ಅಮ್ಮಾ, ನಾನು ರುದ್ರೇಶಪ್ಪ... ಇಲ್ಲಮ್ಮ, ನಿಲ್ಲಿಸ್ಬೇಡಿ. ನಮ್ಮೋರದ್ದು ಲೆಕ್ಕ ಎಡವಟ್ಟಾಗಿತ್ತು." ಹೊರಗೆ ಬಂದಾಗ ಕೈಯಲ್ಲಿ ಮನೆಯಿಂದ ತಂದ ಬುತ್ತಿಯಿತ್ತು. ಅನ್ನ, ಬಸ್ಸಾರು, ಹುರುಳಿಕಾಯಿ ಪಲ್ಯ. ಒಂದು ಲೋಟ ಮಜ್ಜಿಗೆಯನ್ನು ನನ್ನ ಮುಂದೆ ಕುಕ್ಕಿದರು.

"ಕುಡೀರಿ. ಎರಡು ತಿಂಗಳು ಸುಮ್ನೆ ಒಣಗಿಸ್ದೆ ನಿಮ್ನ. ನನ್ನ ತಂಗಿ ಬೈತಾಳೆ."

"ಆಗಲೇ ಬೈದಿದಾಳೆ" ಎಂದು ಕುಡಿದೆ. ಇಂಗು, ಕೊತ್ತಂಬರಿ ಹಾಕಿದ ಮಜ್ಜಿಗೆ. ಇನ್ನೊಂದು ಲೋಟ ಕೇಳಿದೆ.

ಬಸವನಗುಡಿಯ ಕ್ಲಿನಿಕ್ಕಿಗೆ ಮೂರೂವರೆಗೇ ತಲುಪಿದೆ. ಡಾಕ್ಟರಮ್ಮ ನನಗಿಂತ ಚಿಕ್ಕವರು. ಅವರು ಕೇಳುವ ಮೊದಲೇ, "ಶುರು ಮಾಡ್ತೀನಿ ಮೇಡಂ. ಆದ್ರೆ ಮೊದಲು ನನ್ನ ಪ್ರಶ್ನೆ ಕೇಳ್ಬೇಕು" ಎಂದೆ.

"ಎಷ್ಟಿದೆ?"

"ಹದಿನಾಲ್ಕು."

ಅವರು ಪೆನ್ನು ಕೆಳಗಿಟ್ಟರು. ಮೊದಲನೆಯದು, ಇದು ನನಗೇ ಯಾಕೆ ಬಂತು? "ಪೂರ್ತಿ ಉತ್ತರ ಯಾರ ಹತ್ರನೂ ಇಲ್ಲ" ಎಂದರು. ಚಿಕ್ಕಂದಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಗಲುವ ಒಂದು ವೈರಸ್ಸಿನ ಕಡೆ ಈಗ ಸಂಶೋಧಕರ ನೋಟ ಗಟ್ಟಿಯಾಗಿದೆ. ಆದರೆ ಎಲ್ಲರಿಗೂ ತಗಲಿದ್ದು ಕೆಲವರಲ್ಲಿ ಮಾತ್ರ ಹೀಗೆ ತಿರುಗುವುದೇಕೆ ಎಂಬುದು ತಿಳಿದಿಲ್ಲ. ಹುಟ್ಟಿನಿಂದ ಬಂದ ಗುಣ, ಬಿಸಿಲು ಕಾಣದ ಮೈ, ಧೂಮಪಾನ, ಎಲ್ಲ ಸ್ವಲ್ಪ ಸ್ವಲ್ಪ ಸೇರುತ್ತವೆ. "ನೀವು ಮಾಡಿದ ಯಾವುದೋ ತಪ್ಪಿನಿಂದ ಬಂದಿದ್ದಲ್ಲ." ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು. ಔಷಧಿ ಗುಣಪಡಿಸುತ್ತದೆಯೇ? ಇಲ್ಲ. ಏಟುಗಳನ್ನು ಕಡಿಮೆ ಮಾಡುತ್ತದೆ. ಇರುವ ಕಣ್ಣು, ಇರುವ ಬೆರಳು ಉಳಿಸಿಕೊಳ್ಳಲು ಅದು ದಾರಿ. ಮಾತ್ರೆಯೂ ಇದೆ, ವಾರಕ್ಕೆ ಮೂರು ಸಲ ಚರ್ಮದಡಿ ಚುಚ್ಚುವುದೂ ಇದೆ. ಎರಡರ ತೊಂದರೆಗಳನ್ನೂ ಬಿಡಿಸಿ ಹೇಳಿದರು. ನನಗೆ ಚುಚ್ಚುವುದೇ ಸರಿಯೆನಿಸಿತು.

"ನಾನೇ ಚುಚ್ಕೋಬಹುದಾ?"

"ನೀವೇ ಚುಚ್ಕೋಬೇಕು."

ಸಿಸ್ಟರ್ ಒಂದು ಸ್ಪಂಜಿನ ತುಂಡು ಕೊಟ್ಟರು. ಅದರ ಮೇಲೆ ಕಲಿಕೆ. ಮೊದಲ ಸಲ ಸೂಜಿ ಓರೆಯಾಯಿತು, ಎರಡನೆಯದು ನೇರವಾಗಿ ಹೋಯಿತು. "ಮೊದಲ ದಿನಾನೇ ಇಷ್ಟು ನೆಟ್ಟಗೆ ಯಾರೂ ಚುಚ್ಚಲ್ಲ" ಎಂದರು ಸಿಸ್ಟರ್. ಇನ್ನೂ ಎಂಟು ಸಲ ಚುಚ್ಚಿ, ಎಂಟೂ ಒಂದೇ ಆಳಕ್ಕೆ ಇಳಿದ ಮೇಲೆ ಎದ್ದೆ. ಔಷಧಿ ಸೋಮವಾರ ಬರುತ್ತದೆ ಎಂದರು.

ನ್ಯಾಷನಲ್ ಕಾಲೇಜು ಸ್ಟೇಷನ್ನಿನ ಮೇಲಿನ ಪ್ಲಾಟ್‌ಫಾರಂನಲ್ಲಿ ಗಾಳಿ ಬೀಸುತ್ತಿತ್ತು. ಗಿರಿಜಾಗೆ ಫೋನ್ ಮಾಡಿದೆ.

"ಫ್ರಿಜ್‌ನಲ್ಲಿ ಒಂದು ಶೆಲ್ಫು ಖಾಲಿ ಮಾಡು."

"ಯಾಕ್ರೀ, ಏನ್ ತರ್ತಿದೀರ?"

"ಇಂಜೆಕ್ಷನ್ನು. ಸೋಮವಾರದಿಂದ. ತಣ್ಣಗಿಡಬೇಕಂತೆ."

"ಎಷ್ಟು ದಿನಕ್ಕೆ?" ಎಂದಳು.

"ದಿನ ಹೇಳಿಲ್ಲ. ಇಟ್ಕೋಬೇಕು, ಅಷ್ಟೆ."

"ಹೂವಿನ ಡಬ್ಬಿ ಕೆಳಗಿಡ್ತೀನಿ. ದೋಸೆ ಹಿಟ್ಟು ಮಾತ್ರ ಕದಲಿಸಲ್ಲ, ಅದನ್ನ ಕೇಳ್ಬೇಡಿ."

ರೈಲು ಬಂತು. ಸೀಟು ಖಾಲಿಯಿತ್ತು, ಕೂತೆ. ಹಿಂದಕ್ಕೆ ತಿರುಗಿ ನೋಡಿದರೆ ಬಸವನಗುಡಿಯ ಮರಗಳ ತುದಿಗಳು ಎರಡು ಕಣ್ಣಿಗೂ ಬಿಡಿಬಿಡಿಯಾಗಿ ಕಂಡವು. ಮಾರ್ಕೆಟ್ ಸ್ಟೇಷನ್ನಿಗೆ ಮುಂಚೆ ರೈಲು ನೆಲದಡಿಗೆ ಇಳಿಯಿತು.

ಮನೆ ಸೇರಿದಾಗ ಗಿರಿಜಾ ಅಂಗಡಿಯಲ್ಲಿ ಗಿರಾಕಿ ಜೊತೆ ಮಾತಾಡುತ್ತಿದ್ದಳು. ನಾನು ಮೇಲೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಮಧ್ಯದ ಶೆಲ್ಫು ಪೂರ್ತಿ ಖಾಲಿಯಾಗಿತ್ತು, ದೋಸೆ ಹಿಟ್ಟಿನ ಪಾತ್ರೆಯೂ ಕೆಳಗಿಳಿದಿತ್ತು. ಒರೆಸಿದ ನೀರು ಇನ್ನೂ ಆರಿರಲಿಲ್ಲ.