ತಣ್ಣನೆ ಕೈ, ಅಭಿಜಿತ್ತಿನ ಧೂಳು

ತೊಂಬತ್ತರ ದಶಕದ ಕೊನೆಯ ಮಾತು. ಅಣ್ಣನ ಮಗಳು ಎಂ.ಎಸ್ಸಿ. ಮುಗಿಸಿ, ರಿಸರ್ಚ್‌ಗೆ ಸೇರುತ್ತೇನೆಂದು ಹಟ ಹಿಡಿದಿದ್ದಳು. ಅಣ್ಣ ಅರವಂಕಾಡಿನಲ್ಲಿ ಅವಳಿಗೊಂದು ಟೀಚರ್ ಕೆಲಸ ನೋಡಿಟ್ಟಿದ್ದ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ, ಇನ್ನೇನು ಬೇಕು ಎಂಬುದು ಅವನ ವಾದ. ಕೊನೆಗೆ, ಹೆತ್ತೆ ಹೂಂ ಅಂದರೆ ಹೋಗು ಎಂದು ಜಾರಿಕೊಂಡ. ನಮ್ಮ ಹಟ್ಟಿಯಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತೇವೆ. ನಮ್ಮವ್ವೆ ಸುಲಭಕ್ಕೆ ಹೂಂ ಅನ್ನುವವಳಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೋದರತ್ತೆ ನಾನು, ಹುಡುಗಿಯ ಲಾಯರ್ ಆಗಿ ಕೂನೂರಿನಿಂದ ಹಟ್ಟಿಗೆ ಹೊರಟೆ, ಮೂಗು ಸೋರಿಸಿಕೊಂಡು. ಒಲೆಯ ಮುಂದೆ ಕೂತು ನನ್ನ ಕಾನ್ವೆಂಟ್ ಗತ್ತಿನಲ್ಲೇ ಶುರುಮಾಡಿದೆ: ಅಭಿಜಿತ್ ನಕ್ಷತ್ರದ ಸುತ್ತ ತಟ್ಟೆಯ ಹಾಗೆ ಧೂಳು ಹರಡಿದೆ, ಇವಳದು ಅದರ ಇನ್‌ಫ್ರಾರೆಡ್ ಸ್ಟಡಿ, ವೆರಿ ಪ್ರೆಸ್ಟೀಜಿಯಸ್. ಅವ್ವೆ ಕೈ ಕಾಯಿಸುತ್ತ ಕೇಳಿಸಿಕೊಂಡಳು. ಧೂಳಿಗೆ ಅಷ್ಟು ದೂರ ಯಾಕೆ, ನಿನ್ನಪ್ಪನ ಮಂಚದಡಿ ಬೇಕಾದಷ್ಟಿದೆ ಎಂದು ಮೊಮ್ಮಗಳಿಗೆ ಹೇಳಿ, ಕೇಳಿದಳು:

"ಆ ಧೂಳ ನೀ ಕಣ್ಣಾರೆ ಕಂಡೆಯಾ, ಅಮ್ಮಿ?"

"ಇಲ್ಲೆ ಹೆತ್ತೆ. ಕಣ್ಣಿಗೆ ಕಾಣದು. ಅದರ ಬಿಸಿ ಮಾತ್ರ ತಿಳಿಯುತ್ತೆ."

"ಬಿಸಿ ಧೂಳಾ?"

"ಐಸಿಗಿಂತ ತಣ್ಣಗೆ."

ಅಲ್ಲಿಗೆ ನಮ್ಮ ಕೇಸು ಬಿದ್ದುಹೋಯಿತು. ಅರವಂಕಾಡಿನ ಮಕ್ಕಳಾದರೂ ಕಣ್ಣಿಗೆ ಕಾಣುತ್ತವೆ ಎಂದಳು ಅವ್ವೆ.

ಅಷ್ಟರಲ್ಲಿ ನಾನು ಸೀನಿದೆ. ಅವ್ವೆ ಎದ್ದು, ಕೊಡದ ನೀರಿನಲ್ಲಿ ಎರಡೂ ಕೈ ಅದ್ದಿ, ಬಟ್ಟೆಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿದಳು. ನಾನು ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ. ಒಲೆಗೆ ಕಾಯಿಸಿದ ಕೈಗೆ ಸಣ್ಣ ಜ್ವರ ತಿಳಿಯದು ಎನ್ನುತ್ತಿದ್ದಳು. ಈಗ ನನಗೆ ಜ್ವರ ಬಂದರೆ ಥರ್ಮಾಮೀಟರ್ ಬರುತ್ತದೆ, ಕೈ ಬರುವುದಿಲ್ಲ.

ಹುಡುಗಿ ನೆಟ್ಟಗೆ ಕೂತಳು.

"ಹೆತ್ತೆ, ರಿಸರ್ಚ್ ಮಾಡೋರೂ ಇದನ್ನೇ ಮಾಡೋದು. ಧೂಳಿನ ಬಿಸಿ ಅಷ್ಟು ಸಣ್ಣದು. ಮುಟ್ಟಿ ನೋಡೋ ಯಂತ್ರವನ್ನ ಅದಕ್ಕಿಂತ ತಣ್ಣಗೆ ಇಟ್ಕೋಬೇಕು. ಇಲ್ಲಾಂದ್ರೆ ಯಂತ್ರಕ್ಕೆ ತನ್ನ ಬಿಸಿಯೇ ತಿಳಿಯುತ್ತೆ, ಧೂಳಿಂದು ತಿಳಿಯದು."

ಅವ್ವೆ ತನ್ನ ಅಂಗೈ ನೋಡಿಕೊಂಡಳು. ಆಮೇಲೆ, ಆ ಯಂತ್ರ ಇಡುವ ರೂಮು ಊಟಿಗಿಂತ ಚಳಿಯೇ ಎಂದು ವಿಚಾರಿಸಿದಳು. ಯಂತ್ರ ಇರುವುದು ಆಕಾಶದಲ್ಲಿ, ತಾನು ಕೂರುವುದು ಕಂಪ್ಯೂಟರ್ ಮುಂದೆ ಎಂದು ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ಕಾಲು ತುಳಿದೆ.

"ನನ್ನ ಕರಿ ಸ್ವೆಟರ್ ತಕ್ಕೊಂಡು ಹೋಗು," ಎಂದಳು ಅವ್ವೆ.

ಹುಡುಗಿ ತಲೆ ಬಾಗಿದಳು. ಇನ್ನೂ ತಣ್ಣಗಿದ್ದ ಕೈಯನ್ನು ಅವ್ವೆ ಅವಳ ನೆತ್ತಿಯ ಮೇಲಿಟ್ಟು ಹರಸಿದಳು.

ಅಣ್ಣ ಡ್ಯೂಟಿ ಮುಗಿಸಿ ಬಂದಾಗ ಹುಡುಗಿ ಆ ಸ್ವೆಟರ್ ಹಾಕಿಕೊಂಡೇ ಒಲೆ ಮುಂದೆ ಬೆವರುತ್ತಿದ್ದಳು. ಅವ್ವೆಯ ಸ್ವೆಟರ್ ನೋಡಿದ ಅವನು ಅಟ್ಟದಿಂದ ಟ್ರಂಕು ಇಳಿಸಿದ.