ಪಿಕಪ್ಪಿನ ಎಡಗಡೆಯ ಸೀಟು

ಗಾಡಿಯ ಆರೈಕೆಯಲ್ಲಿ ತಪ್ಪಬಾರದ ಕ್ರಮವೊಂದಿದೆ ಎಂಬುದು ನನ್ನ ತಮ್ಮನ ನಂಬಿಕೆ. ಮೊದಲು ವಾಟರ್ ಸರ್ವಿಸ್, ಅದು ಆರಿದ ಮೇಲೆ ಗ್ರೀಸ್, ಆಮೇಲೆ ಪೂಜೆ. ಗ್ರೀಸ್ ಹೊಡೆಸಿದ ಮೇಲೆ ತೊಳೆಸಿದರೆ ರಭಸದ ನೀರು ಕೀಲುಗಳ ಸಂದಿಗೆ ನುಗ್ಗಿ ಹೊಸ ಗ್ರೀಸನ್ನೆಲ್ಲ ಹೊರಗೆ ತಳ್ಳುತ್ತದೆ. ಆಯುಧಪೂಜೆ ಹತ್ತಿರವಾದಂತೆ ಬನಶಂಕರಿಯ ಸುತ್ತಮುತ್ತ ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಹೂವಿನ ಹಾರ ಹಾಕುವ ಹೊತ್ತಿಗೆ ಗಾಡಿ ಹೊಳೆಯುತ್ತಿರಬೇಕೆಂದು ತೊಳೆಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ದೀಪಾವಳಿಯ ಹೊತ್ತಿಗೆ ಅಂಥ ಗಾಡಿಗಳು ರಸ್ತೆಯ ಉಬ್ಬು ಹತ್ತಿಳಿಯುವಾಗಲೆಲ್ಲ ಕಿರುಗುಟ್ಟುತ್ತವೆ. ಬೀದಿಯಲ್ಲಿ ಆ ಸದ್ದು ಕೇಳಿಸಿದಾಗ ಅವನು ಮುಖ ಸಿಂಡರಿಸಿಕೊಂಡು, "ಕೊನೆಗೆ ತೊಳಿಸವ್ನೆ ನೋಡು," ಎನ್ನುತ್ತಾನೆ.

ಅವನದು ಶಾಮಿಯಾನದ ವ್ಯಾಪಾರ. ಇಟ್ಟಮಡುವಿನಲ್ಲಿ ನಮ್ಮ ತಂದೆ ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ ಒಡೆದುಹೋದ ಮೇಲೆ, ಉಳಿದ ಜಾಗದಲ್ಲಿ ಅವನು ಮನೆ ಕಟ್ಟಿ, ನೆಲಮಹಡಿಯನ್ನು ಗೋದಾಮು ಮಾಡಿಕೊಂಡ. ಪ್ಲಾಸ್ಟಿಕ್ ಕುರ್ಚಿಗಳು, ಕಬ್ಬಿಣದ ಕಂಬಗಳು, ಅಡುಗೆಯ ದೊಡ್ಡ ಹಂಡೆಗಳು ಅಲ್ಲಿವೆ. ಇವನ್ನೆಲ್ಲ ಮದುವೆಯ ಮನೆಗೋ ಸಾವಿನ ಮನೆಗೋ ಸಾಗಿಸುವುದು ಈ ಪಿಕಪ್. ಅದನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಕಂಬ ನೆಡುವುದಕ್ಕೆ ಆಳುಗಳಿದ್ದರು, ಲೆಕ್ಕ ನೋಡಿಕೊಳ್ಳುವುದಕ್ಕೆ ಮಗಳಿದ್ದಳು. ಸ್ಟೀರಿಂಗ್ ಮಾತ್ರ ಅವನದು.

ನಾನು ಓದಿನ ಬೆನ್ನು ಹತ್ತಿ ಹೊರಗೆ ಹೋದವನು. ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ಕಲ್ಲಿನ ಮೇಲೆ ಕೊರೆದ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ, ಹೇಳಿರುವ ಗ್ರಹಣ ಆ ಊರಿನಲ್ಲಿ ಕಂಡಿರಲು ಸಾಧ್ಯವೇ ಎಂದು ಪರಿಶೀಲಿಸುವುದರಲ್ಲಿ ನನ್ನ ಕಣ್ಣುಗಳೂ ಬೆನ್ನೂ ಸವೆದವು. ನಿವೃತ್ತಿಯಾದ ಮೇಲೆ ಕೆಲಸ ಹೋಯಿತು, ಅಭ್ಯಾಸ ಹೋಗಲಿಲ್ಲ. ಈಗಲೂ ಯಾರಾದರೂ "ಅವತ್ತು ಗಣೇಶನ ಹಬ್ಬದ ದಿನ" ಎಂದು ಮಾತು ತೆಗೆದರೆ, ಅದು ಹಬ್ಬದ ದಿನವೋ ವಿಸರ್ಜನೆಯ ದಿನವೋ ಎಂದು ಮನಸ್ಸು ತಾನಾಗಿಯೇ ತಡಕಲು ತೊಡಗುತ್ತದೆ. ಇದರಿಂದ ಬಂಧುಗಳಿಗೆ ಬೇಸರವಾಗುತ್ತದೆಂದು ಬಲ್ಲೆ. ನನಗೂ ಈಚೆಗೆ ಬೇಸರವೇ.

ಬನಶಂಕರಿ ಮೂರನೆಯ ಹಂತದಲ್ಲಿ ನಾನೊಬ್ಬನೇ ಇರುವುದು. ಗಾಡಿಯ ಸರ್ವಿಸ್ ದಿನ ತಮ್ಮ ಗೇಟಿನ ಮುಂದೆ ಹಾರ್ನ್ ಮಾಡುತ್ತಿದ್ದ. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಎಡಗಡೆ ಕೂರುತ್ತಿದ್ದೆ. ತಲಘಟ್ಟಪುರದ ಗ್ಯಾರೇಜಿನಲ್ಲಿ ಮರದ ಬೆಂಚು, ಅಲ್ಲಿನ ಚಹಾ, ಮಧ್ಯಾಹ್ನದ ಹೊತ್ತಿಗೆ ಮನೆ. ಒಂಟಿ ಮುದುಕನಿಗೆ ಹೊತ್ತು ಕಳೆಯಲೆಂದು ಕರೆಯುತ್ತಾನೆ ಎಂದು ನಾನು ತಿಳಿದಿದ್ದೆ.

ಕಳೆದ ಬಾರಿ ಬೇಗ ಬಂದ ದಸರೆಗೆ ಕೆಲವು ದಿನ ಮೊದಲು ತಮ್ಮನ ಹೆಂಡತಿ ಫೋನ್ ಮಾಡಿದಳು. ತಮ್ಮನ ಕಣ್ಣಿನ ಒತ್ತಡಕ್ಕೆ ಹನಿ ಔಷಧ ಹಾಕುತ್ತಿರುವುದು ನನಗೆ ಗೊತ್ತಿತ್ತು. ಹಗಲಿನಲ್ಲಿ ಗಾಡಿ ಓಡಿಸಬಹುದೆಂದು ಡಾಕ್ಟರು ಹೇಳಿದ್ದಾರೆಂದು ಅವನೇ ತಿಳಿಸಿದ್ದ. ಡಾಕ್ಟರು ಹಾಗೆ ಹೇಳಿರಲಿಲ್ಲ ಎಂದು ಅವಳು ತಿಳಿಸಿದಳು. ಹಿಂದಿನ ವಾರ ದೇವಸ್ಥಾನದಿಂದ ಹಿಂದಿರುಗುವಾಗ ಎಡದಿಂದ ಬಂದ ಆಟೋ ಇನ್ನೇನು ತಗುಲುವುದರಲ್ಲಿತ್ತಂತೆ. ಪಕ್ಕದಲ್ಲಿದ್ದ ಇವಳು ಕೂಗಿಕೊಂಡ ಮೇಲೆ ಅವನು ಬ್ರೇಕ್ ಒತ್ತಿದನಂತೆ.

"ಆಟೋ ಬಂದಿದ್ದು ಅವರಿಗೆ ಗೊತ್ತೇ ಆಗ್ಲಿಲ್ಲ ಭಾವ," ಎಂದಳು. "ಇವತ್ತು ನಾನಿದ್ದೆ. ನಾಳೆ ಯಾವುದಾದ್ರೂ ಮಗು ಅಡ್ಡ ಬಂದ್ರೆ? ನನ್ನ ಮಾತು, ಮಗಳ ಮಾತು, ಎರಡೂ ಆಯ್ತು. ನೀವೇ ಹೇಳಿ. ಹಬ್ಬದೊಳಗೆ ಬೀಗದಕೈ ಇಸ್ಕೊಳ್ಳಿ."

ಒಪ್ಪಿಕೊಂಡೆ. ಆದರೆ ಸ್ಟೀರಿಂಗ್ ಬಿಡು ಎಂದು ಅವನಿಗೆ ಹೇಳುವುದು, ಇನ್ನು ನೀನು ಮನೆಯಲ್ಲಿ ಕೂತ ಮುದುಕ ಎಂದು ಹೇಳಿದಂತೆಯೇ. ಕೂರುವುದು ಹೇಗಿರುತ್ತದೆಂದು ಬಲ್ಲವನು ನಾನು. ಅದನ್ನು ನನ್ನ ಬಾಯಿಂದ ಇನ್ನೊಬ್ಬರಿಗೆ ಹೇಳುವ ಉತ್ಸಾಹ ನನ್ನಲ್ಲಿರಲಿಲ್ಲ.

ಗ್ರೀಸ್ ಹೊಡೆಸುವ ದಿನ ಎಂದಿನಂತೆ ಹಾರ್ನ್ ಕೇಳಿಸಿತು. ಗಾಡಿಯನ್ನು ಹಿಂದಿನ ಸಂಜೆಯೇ ತೊಳೆಸಿ ಆರಲು ಬಿಟ್ಟಿದ್ದ. ಹತ್ತುವ ಮುನ್ನ ನನ್ನ ದೃಷ್ಟಿ ಮುಂದಿನ ಎಡಮೂಲೆಯ ಮೇಲೆ ಬಿತ್ತು. ಅಲ್ಲಿ ಬಂಪರ್ ಒಳಕ್ಕೆ ಬಾಗಿ, ಮೇಲಿನ ತಗಡು ತಗ್ಗಾಗಿತ್ತು. ಹಳೆಯ ಗಾಯವೇ. ಅದು ಹಿಂದಿನ ವರ್ಷದ ಆಯುಧಪೂಜೆಯ ದಿನ ಆದದ್ದೆಂದು ತಮ್ಮ ಎಲ್ಲರಿಗೂ ಹೇಳಿದ್ದ. ಗಾಡಿಯ ಮುಂದೆ ಎರಡೂ ಬದಿಗೆ ಬಾಳೆಕಂದು ಕಟ್ಟಿ, ಗಾಜಿಗೆ ಗಂಧ ಕುಂಕುಮ ಬಳಿದು ಓಡಿಸುವಾಗ ದಾರಿ ಅರ್ಧವೇ ಕಾಣುವುದು. ಎಡಗಡೆಯ ಬಾಳೆ ಎಲೆ ಅಡ್ಡವಾಗಿ, ಗೋದಾಮಿನ ಗೇಟಿನ ಕಂಬಕ್ಕೆ ತಗುಲಿತು ಎಂಬುದು ಅವನ ವಿವರಣೆ. ಆ ದಿನ ಊರಿನ ಅರ್ಧ ಗಾಡಿಗಳು ಹಾಗೆಯೇ ಓಡಾಡುತ್ತವೆ. ಆದ್ದರಿಂದ ಎಲ್ಲರೂ ನಂಬಿದರು. ನಾನೂ ನಂಬಿದ್ದೆ.

ಕನಕಪುರ ರಸ್ತೆಗೆ ಬಂದೆವು. ಮೆಟ್ರೋ ಕಂಬಗಳ ಪಕ್ಕದಲ್ಲಿ ವಾಹನಗಳು ಒಂದನ್ನೊಂದು ಉಜ್ಜಿಕೊಂಡು ಸಾಗುತ್ತಿದ್ದವು. ಬಸ್ಸೊಂದು ಎಡಕ್ಕೆ ಸರಿಯಿತು. ಅದರ ಸಂದಿಯಲ್ಲಿ ಬೈಕೊಂದು ನುಗ್ಗಿತು.

"ಬೈಕ್ ಬಂತು," ಎಂದೆ. ತಮ್ಮ ನಿಧಾನ ಮಾಡಿದ. ಮುಂದೆ, "ಎಡಗಡೆ ಖಾಲಿ, ಹೋಗು," ಎಂದೆ. ಅವನು ಹೋದ.

ಆಗ ಹೊಳೆಯಿತು. ಈ ಮಾತುಗಳನ್ನು ನಾನು ಪ್ರತಿ ಪ್ರಯಾಣದಲ್ಲೂ ಆಡುತ್ತ ಬಂದಿದ್ದೇನೆ. ಹಿಂದೆ ಲಾರಿಗಳ ಎಡಬಾಗಿಲಲ್ಲಿ ಕ್ಲೀನರ್ ನಿಂತು, ತಗಡು ಬಡಿದು ದಾರಿ ಹೇಳುತ್ತಿದ್ದನಲ್ಲ, ಅದೇ ಕೆಲಸ. "ಎಡಗಡೆ ಸ್ವಲ್ಪ ನೋಡ್ಕೋ ಅಣ್ಣ" ಎಂದು ತಮ್ಮ ಮೊದಮೊದಲು ಹೇಳಿದ್ದು ನೆನಪಿದೆ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ.

ಎಂದಿನಿಂದ? ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕಿದೆ. ನಾನು ನಿವೃತ್ತನಾದ ಕೂಡಲೇ ಅವನು ಕರೆದಿರಲಿಲ್ಲ. ಮೊದಲ ಸಲ ಈ ಸೀಟಿನಲ್ಲಿ ಕೂತಾಗ ರಸ್ತೆಯ ಬದಿಯಲ್ಲಿ ಮಾವಿನಹಣ್ಣಿನ ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಆದ್ದರಿಂದ ಅದು ಯುಗಾದಿ ಕಳೆದ ಬೇಸಿಗೆ. ಯಾವ ವರ್ಷದ ಬೇಸಿಗೆ? ಅದರ ಬೆನ್ನಿಗೇ ಅಧಿಕ ಶ್ರಾವಣ ಬಂದು, ಮುಂದಿನ ಹಬ್ಬಗಳೆಲ್ಲ ತಡವಾದ ವರ್ಷ. ತಗಡು ತಗ್ಗಾದದ್ದೂ ಅದೇ ವರ್ಷದ ದಸರೆಯಲ್ಲಿ. ಅಂದರೆ ಬಾಳೆಕಂದಿಗೆ ಎಷ್ಟೋ ತಿಂಗಳು ಮೊದಲೇ ಅವನಿಗೆ ನನ್ನ ಕಣ್ಣು ಬೇಕಾಗಿತ್ತು.

ಇನ್ನೂ ಒಂದು ನೆನಪು ಇದಕ್ಕೆ ಸೇರಿಕೊಂಡಿತು. ಆ ವರ್ಷ ವಾಟರ್ ಸರ್ವಿಸ್ ಮಾಡಿಸಿದ್ದು ಅಷ್ಟಮಿಯ ದಿನ, ಹಬ್ಬದ ಹಿಂದಿನ ದಿನ. ತಮ್ಮ ಚಹಾಕ್ಕೆ ಹೋಗಿದ್ದಾಗ, ನೀರು ಹೊಡೆಯುತ್ತಿದ್ದವನು ಎಡಮೂಲೆಯನ್ನು ತೋರಿಸಿ, ಇದು ಮುಂಚೆಯೇ ಇತ್ತಲ್ಲ ಸಾರ್, ಆಮೇಲೆ ನಮ್ಮ ಮೇಲೆ ಹಾಕಬೇಡಿ ಎಂದಿದ್ದ. ನಾನು ಅರೆಮನಸ್ಸಿನಲ್ಲಿ ತಲೆಯಾಡಿಸಿದ್ದೆ. ಬಾಳೆಕಂದು ಕೊಂಡದ್ದು ಮರುದಿನ, ನವಮಿಯ ಬೆಳಗ್ಗೆ. ಅಷ್ಟಮಿಯ ದಿನ ಗಾಡಿಗೆ ಒಂದು ಎಲೆಯೂ ಕಟ್ಟಿರಲಿಲ್ಲ.

ಒಂದು ಶಾಸನದ ತಿಥಿ ತಪ್ಪೆಂದು ಸಾಬೀತಾದಾಗ ಹಿಂದೆ ನನಗೆ ಒಂದು ಬಗೆಯ ಸಂತೋಷವಾಗುತ್ತಿತ್ತು. ಈ ಸಲ ಆಗಲಿಲ್ಲ. ಆಯಾಸವಷ್ಟೇ ಆಯಿತು.

ಗ್ಯಾರೇಜಿನ ಮೇಸ್ತ್ರಿ ತಮ್ಮನಿಗೆ ಹಳೆಯ ಪರಿಚಯ. ಅಲ್ಲಿ ನೆಲದಲ್ಲಿ ಆಳೆತ್ತರದ ಗುಂಡಿಯಿದೆ. ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರೆ ಕೆಳಗಿಳಿದು ನಿಂತುಕೊಂಡೇ ಕೆಲಸ ಮಾಡಬಹುದು. ಗಾಡಿಯನ್ನು ಗುಂಡಿಯ ಮೇಲೆ ತರುವಾಗ ಮೇಸ್ತ್ರಿ ಮುಂದೆ ನಿಂತು ಕೈಸನ್ನೆ ಮಾಡಿದ. ಇಂಜಿನ್ ಬಿಸಿಯಿರುವಾಗಲೇ ಹಳೆಯ ಆಯಿಲ್ ಇಳಿಸಿದರು. ಅದು ಕಪ್ಪಗೆ, ತೆಳ್ಳಗೆ, ಸದ್ದಿಲ್ಲದೆ ಡಬ್ಬಕ್ಕೆ ಸುರಿಯಿತು. ಫಿಲ್ಟರ್ ಬದಲಾಯಿಸಿ, ಹೊಸ ಆಯಿಲ್ ಹಾಕಿ, ಅದು ತಳಕ್ಕೆ ಇಳಿಯುವವರೆಗೆ ಕಾದು, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡಿದ್ದಾಯಿತು. ಇಷ್ಟನ್ನು ಮೇಸ್ತ್ರಿಗೆ ಬಿಟ್ಟುಕೊಡುವ ತಮ್ಮ, ಗ್ರೀಸನ್ನು ಮಾತ್ರ ತಾನೇ ಹೊಡೆಯುತ್ತಾನೆ. ಯಜಮಾನರು ಗುಂಡಿಗೆ ಇಳಿದರೆ ನಮಗೂ ಒಂದು ಚಹಾದಷ್ಟು ರಜೆ ಎಂದು ನಗುತ್ತ ಮೇಸ್ತ್ರಿ ಹೊರಗೆ ಹೋದ.

ನಾನು ಬೆನ್ನಿನ ನೋವನ್ನು ಲೆಕ್ಕಿಸದೆ ತಮ್ಮನ ಹಿಂದೆಯೇ ಮೆಟ್ಟಿಲಿಳಿದು ಟಾರ್ಚ್ ಹಿಡಿದೆ. ಅವನಿಗೆ ಅದು ಬೇಕಾಗಲಿಲ್ಲ. ಕೈಯನ್ನು ಮೇಲಕ್ಕೆ ಚಾಚಿ, ಸ್ಪ್ರಿಂಗ್ ಪಟ್ಟಿಯ ಕೊನೆಯನ್ನು ಸವರುತ್ತ ಹೋಗಿ, ಗ್ರೀಸ್ ತುಂಬುವ ಸಣ್ಣ ಮೊಳಕೆಯಂಥ ನಿಪ್ಪಲ್ ಬೆರಳಿಗೆ ಸಿಕ್ಕಿದ ಕೂಡಲೇ ಬಟ್ಟೆಯಿಂದ ಒರೆಸಿ, ಗನ್ನಿನ ಮೂತಿ ಕಚ್ಚಿಸಿ ಒತ್ತುತ್ತಿದ್ದ. ಕೀಲಿನ ಅಂಚಿನಿಂದ ಮೊದಲು ಮಣ್ಣು ಬೆರೆತ ಕರಿಯ ಗ್ರೀಸ್ ಹೊರಬರುತ್ತದೆ. ಹೊಸದರ ಬಣ್ಣ ಕಾಣುವವರೆಗೆ ಒತ್ತುತ್ತಲೇ ಇರಬೇಕು. ಅವನು ಬಣ್ಣವನ್ನು ನೋಡುತ್ತಿರಲಿಲ್ಲ. ಬೆರಳಿನಲ್ಲಿ ತಿಕ್ಕಿ, ಮರಳು ತಗುಲದಿದ್ದರೆ ಮುಂದಿನದಕ್ಕೆ ಹೋಗುತ್ತಿದ್ದ. ಮುಖ ತೃಪ್ತವಾಗಿತ್ತು. ನಾನು ಮಾತಾಡಬೇಕಾದದ್ದು ಆಗಲೇ.

"ಬಾಳೆಕಂದು ತಂದಿದ್ದು ನವಮಿ ದಿನ," ಎಂದೆ. "ಮೂಲೆ ಗುದ್ದಿದ್ದು ಅದಕ್ಕೂ ಮುಂಚೆ. ಅಷ್ಟಮಿ ದಿನ ತೊಳೆಸುವಾಗ ನಾನೇ ನೋಡಿದ್ದೆ."

ಅವನು ಗನ್ ಒತ್ತುವುದನ್ನು ನಿಲ್ಲಿಸಲಿಲ್ಲ. ಆ ಕೀಲು ಮುಗಿದ ಮೇಲೆ ಹೇಳಿದ: "ನಿನ್ನ ಹತ್ರ ಸುಳ್ಳು ಹೇಳೋನು ಪಂಚಾಂಗ ಇಟ್ಕೊಂಡು ಹೇಳ್ಬೇಕು."

"ಎಡಗಡೆ ಎಷ್ಟು ಕಾಣುತ್ತೆ?"

ಅವನು ಮುಂದಿನ ನಿಪ್ಪಲನ್ನು ಬೆರಳಿನಲ್ಲಿ ತಡಕಿದ.

"ನೇರಕ್ಕೆ ಚೆನ್ನಾಗೇ ಕಾಣುತ್ತೆ ಅಣ್ಣ. ಪಕ್ಕದಲ್ಲಿ..." ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ನೀನು ಕೂತಿದ್ದೀಯ ಅಂತ ಗೊತ್ತಾಗೋದು ನೀನು ಮಾತಾಡಿದಾಗ್ಲೇ."

ಟಾರ್ಚನ್ನು ಇಳಿಸಿದೆ. ಹಾಗಾದರೆ ನನ್ನನ್ನು ಕರೆದೊಯ್ಯುತ್ತಿದ್ದದ್ದು ಇದಕ್ಕೇ ಏನು ಎಂದು ಕೇಳಿದೆ. ಇದಕ್ಕೂ ಹೌದು ಎಂದ. ಇದಕ್ಕೇ ಆಗಿದ್ದರೆ ಸಂಬಳ ಕೊಟ್ಟು ಒಬ್ಬ ಕ್ಲೀನರನ್ನು ಇಟ್ಟುಕೊಳ್ಳುತ್ತಿದ್ದೆ, ಅವನು ನಿನ್ನಷ್ಟು ಕೊರೆಯುತ್ತಲೂ ಇರಲಿಲ್ಲ ಎಂದ.

ನಗು ಇನ್ನೇನು ಬರುವುದರಲ್ಲಿತ್ತು. ಆಟೋದ ಸಂಗತಿ ನನಗೆ ತಿಳಿದಿದೆಯೆಂದು ಹೇಳಿದೆ. ನನ್ನ ಕಣ್ಣನ್ನು ನಂಬಿಕೊಂಡು ಅವನು ಓಡಿಸುವುದಾದರೆ, ನನಗೂ ವಯಸ್ಸಾಗಿದೆ, ಈಚೆಗೆ ಮಧ್ಯಾಹ್ನದಲ್ಲಿ ಕೂತಲ್ಲೇ ಜೊಂಪು ಹತ್ತುತ್ತದೆ, ನಾನು ತೂಕಡಿಸಿದ ಹೊತ್ತಿನಲ್ಲಿ ಎಡಗಡೆ ಯಾರು ಬಂದರೂ ಆ ತಪ್ಪು ನಮ್ಮಿಬ್ಬರದೂ ಆಗುತ್ತದೆ ಎಂದೆ. ಇದು ನಾನು ಮೊದಲೇ ಯೋಚಿಸಿಟ್ಟ ಮಾತಲ್ಲ. ಆದರೆ ನಿಜವಾದ ಮಾತು. ಅವನು ಗನ್ನನ್ನು ಕೆಳಗಿಟ್ಟ. ಉಳಿದ ಕೀಲುಗಳನ್ನು ಮುಗಿಸಲಿಲ್ಲ. ಕೊನೆಗೆ, "ಮಗಳಿಗೆ ಫೋನ್ ಮಾಡು. ಮೆಟ್ರೋದಲ್ಲಿ ಬರ್ಲಿ," ಎಂದ.

ಅವನ ಮಗಳು ಕಾರು ಓಡಿಸುತ್ತಾಳೆ. ಪಿಕಪ್ಪನ್ನು ಮುಟ್ಟಲು ಮಾತ್ರ ಅವನು ಬಿಟ್ಟಿರಲಿಲ್ಲ. ತಲಘಟ್ಟಪುರದ ನಿಲ್ದಾಣದಿಂದ ಬಿರಬಿರನೆ ನಡೆದು ಬಂದವಳು ಗಾಬರಿಯಿಂದ ನನ್ನನ್ನು ನೋಡಿ, "ಏನಾಯ್ತು ದೊಡ್ಡಪ್ಪ?" ಎಂದಳು. ನಾನು ಗುಂಡಿಯತ್ತ ಕೈ ತೋರಿಸಿದೆ. ಅವಳ ತಂದೆ ಬೀಗದಕೈಯನ್ನು ಕೊಡಲಿಲ್ಲ. ಗ್ರೀಸ್ ಗನ್ನನ್ನು ಎತ್ತಿ ಚಾಚಿದ.

"ಓಡ್ಸೋದು ಆಮೇಲೆ. ಮೊದ್ಲು ಇಳಿ. ಇನ್ನೂ ಬಾಕಿ ಇದೆ, ಎಲ್ಲೆಲ್ಲಿದೆ ಅಂತ ಕೈಯಲ್ಲೇ ಹುಡುಕು."

"ಅಪ್ಪಾ, ಹೊಸ ಡ್ರೆಸ್ಸು."

"ಗಾಡಿ ಬೇಕು, ಗ್ರೀಸು ಬೇಡ್ವಾ? ಇಳಿಯೇ."

ಅವಳು ದುಪಟ್ಟಾವನ್ನು ನನ್ನ ಕೈಗೆ ಕೊಟ್ಟು ಇಳಿದಳು. ನಾನು ಬೆಂಚಿಗೆ ಬಂದು ಕೂತೆ. ಗುಂಡಿಯೊಳಗಿಂದ ಗದರಿಕೆ, ಮರುಮಾತು, ಗನ್ನಿನ ಕಿಟಕಿಟ ಸದ್ದು ಕೇಳಿಬರುತ್ತಿದ್ದವು. ಬಿಸಿಲೇರಿತ್ತು. ಗೆದ್ದೆನೆಂದಾಗಲೀ ಸೋತೆನೆಂದಾಗಲೀ ಅನಿಸಲಿಲ್ಲ. ಮನೆಗೆ ಹೋಗಿ ಮಲಗಬೇಕೆನಿಸಿತು, ಅಷ್ಟೆ.

ಹಿಂದಿರುಗುವಾಗ ಅವಳು ಓಡಿಸಿದಳು. ತಮ್ಮ ಎಡಗಿಟಕಿಯ ಬಳಿ ಕೂತು, ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿ ರಸ್ತೆಯ ಎಡಬದಿಯನ್ನೇ ನೋಡುತ್ತಿದ್ದ. ಎಷ್ಟೋ ದಿನಗಳಿಂದ ಕಾಣದ ಊರನ್ನು ನೋಡುವವನಂತೆ, ಹೊಸ ಹೋಟೆಲಿನ ಹೆಸರನ್ನು ಜೋರಾಗಿ ಓದಿದ. ನಾನು ನಡುವೆ ಇದ್ದೆ.

ಆಯುಧಪೂಜೆಯ ದಿನ ಬೀಗದಕೈಯನ್ನೂ ಗ್ರೀಸ್ ಗನ್ನನ್ನೂ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ಬಾಳೆಕಂದುಗಳನ್ನು ಮುಂದೆ ಕಟ್ಟಲು ತಮ್ಮ ಬಿಡಲಿಲ್ಲ. ಹಿಂದಿನ ಕಬ್ಬಿಣದ ಚೌಕಟ್ಟಿಗೆ ಕಟ್ಟಿಸಿದ. ಗಾಜಿನ ಗಂಧವನ್ನೂ ಒಂದು ಬೊಟ್ಟಿನಷ್ಟಕ್ಕೆ ನಿಲ್ಲಿಸಿದ. ಬೀದಿಯವರು, ಇದೇನು ಹಿಂದುಮುಂದಾದ ಅಲಂಕಾರ ಎಂದು ನಕ್ಕರು. ಮಗಳು ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿಸಿದಳು. ಅವನು ಗೇಟಿನ ಕಂಬದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಗಾಡಿ ಬೀದಿಗಿಳಿದ ಮೇಲೂ ಅಲ್ಲೇ ನಿಂತಿದ್ದ. ಹೆಂಡತಿ ಒಳಗಿನಿಂದ ಊಟಕ್ಕೆ ಕರೆದಾಗಲೂ ಅವನು ತಕ್ಷಣ ತಿರುಗಲಿಲ್ಲ.

ಇನ್ನು ನನ್ನ ಅಗತ್ಯವಿಲ್ಲ, ಸರ್ವಿಸ್ ದಿನಗಳೂ ಮುಗಿದವು ಎಂದುಕೊಂಡೆ. ಮುಂದಿನ ಸಲ ಗ್ರೀಸ್ ಹೊಡೆಸುವ ದಿನ ಬಂದದ್ದು ನನಗೆ ತಿಳಿದಿತ್ತು. ಬಾಗಿಲು ಹಾಕಿಕೊಂಡು ಓದುತ್ತ ಕೂತಿದ್ದೆ. ಹಾರ್ನ್ ಕೇಳಿಸಿತು. ಹೊರಗೆ ಬಂದೆ. ಮಗಳು ಸ್ಟೀರಿಂಗಿನ ಮುಂದೆ ಇದ್ದಳು. ತಮ್ಮ ಎಡಬಾಗಿಲು ತೆರೆದು ಕೆಳಗಿಳಿದು, ನಾನು ನಡುವಿನ ಸೀಟಿಗೆ ಹತ್ತಲೆಂದು ಕಾಯುತ್ತಿದ್ದ. ಅಲ್ಲಿ ಗೇರಿನ ಕೋಲು ಮಂಡಿಗೆ ಬಡಿಯುತ್ತದೆ, ನನಗೆ ಆಗುವುದಿಲ್ಲ ಎಂದೆ.

"ಬಡೀಲಿ ಬಾ ಅಣ್ಣ," ಎಂದ.

ಚಪ್ಪಲಿ ಮೆಟ್ಟಿಕೊಂಡು ಹತ್ತಿದೆ. ತಲಘಟ್ಟಪುರದವರೆಗೂ ಅದು ಮಂಡಿಗೆ ಬಡಿಯುತ್ತಲೇ ಇತ್ತು.